ಹಲ್ಲಿನ ಡಾಕ್ಟರ ಹಸಿ ಕುದುರೆಗಳು

"ಇವತ್ತಿನಿಂದ ಒಂದು ತಿಂಗಳು, ದಿನಕ್ಕೊಂದು ಕುದುರೆ! ಅದೂ ಎಣ್ಣೆಬಣ್ಣದಲ್ಲಿ!"

ಹಲ್ಲಿನ ಡಾಕ್ಟರು ತಿಂಡಿಯ ಮೇಜಿನ ಮುಂದೆ ಎದ್ದು ನಿಂತು ಹೀಗೆ ಘೋಷಿಸಿದಾಗ ಅವರ ಕೈಯಲ್ಲಿ ಬ್ರಷ್ ಇರಲಿಲ್ಲ, ಬ್ರೆಡ್ಡಿಗೆ ಬೆಣ್ಣೆ ಸವರುವ ಚಾಕು ಇತ್ತು. ಆದರೂ ಅದನ್ನು ಎತ್ತಿ ಹಿಡಿದ ಗತ್ತು ನೋಡಬೇಕಿತ್ತು! ರಣರಂಗಕ್ಕೆ ಹೊರಟ ಮಹಾರಾಜರೂ ಖಡ್ಗವನ್ನು ಅಷ್ಟೆತ್ತರ ಎತ್ತಿರಲಾರರು. ಚಾಕುವಿನ ತುದಿಯಿಂದ ಬೆಣ್ಣೆಯ ಮುದ್ದೆ ಜಾರಿ ಅವರ ತಾಯಿಯ ಕಾಫಿಗೆ ಬಿತ್ತು.

"ಕುದುರೇನ ಕಟ್ಟೋಕೆ ಜಾಗ ಎಲ್ಲಿದೆಯೋ ಈ ಮನೇಲಿ?" ಎಂದರು ತಾಯಿ, ಬೆಣ್ಣೆಯನ್ನು ಚಮಚದಲ್ಲಿ ಮೀನು ಹಿಡಿದಂತೆ ಹಿಡಿಯುತ್ತ.

"ಕಟ್ಟೋದಲ್ಲಮ್ಮ, ಬಿಡಿಸೋದು! ಚಿತ್ರ!"

"ಚಿತ್ರದ ಕುದುರೆಗೂ ಜಾಗ ಬೇಕಲ್ಲಪ್ಪ."

ಇಷ್ಟಕ್ಕೂ ಈ ಹುಚ್ಚು ಹತ್ತಿಸಿದ್ದು ಡಾಕ್ಟರ ಹಳೆಯ ಸಹಪಾಠಿ. ಅವನೂ ಹಲ್ಲಿನ ಡಾಕ್ಟರೇ. ಅವನು ಫೋನಿನಲ್ಲಿ ಒಂದು ಗುಂಪು ಕಟ್ಟಿದ್ದ. ದಿನಕ್ಕೊಂದು ಕುದುರೆ ಬಿಡಿಸಿ, ಅದರ ಫೋಟೋವನ್ನು ಆ ದಿನವೇ ಕಳಿಸಬೇಕು. ಒಂದು ದಿನ ತಪ್ಪಿದರೂ ಔಟ್! ಡಾಕ್ಟರಿಗೆ ಮಾತ್ರ ಅವನು ಬೇರೆಯಾಗಿ ಬರೆದಿದ್ದ: "ನಿನಗೆ ಆಗಲ್ಲ ಬಿಡು. ನೀನು ಮೊದಲಿಂದಲೂ ಆರಂಭಶೂರ." ಸ್ವಾಭಿಮಾನಿ ಮನುಷ್ಯನಿಗೆ ಇನ್ನೇನು ಬೇಕು, ಹೇಳಿ!

ಆರಂಭಶೂರ ಎನ್ನುವುದು ಪೂರಾ ಸುಳ್ಳೂ ಅಲ್ಲ. ಅಟ್ಟದ ಮೇಲೆ ತಂತಿ ಹರಿದ ಗಿಟಾರ್ ಇತ್ತು. ಅದರ ಪಕ್ಕದಲ್ಲಿ ಅರ್ಧ ಕಟ್ಟಿದ ಮರದ ಆಟಿಕೆ ಹಡಗು. ಆ ಹಡಗಿನ ಸುದ್ದಿಯನ್ನು ಹೆಂಡತಿಯ ಮುಂದೆ ಎತ್ತುವ ಹಾಗಿರಲಿಲ್ಲ. ಹಾಯಿ ಕಟ್ಟುವಾಗ, "ಈ ದಾರ ಸ್ವಲ್ಪ ಕಚ್ಚಿ ಹಿಡ್ಕೋ" ಎಂದು ಅವಳಿಗೆ ಹೇಳಿ, ಆ ಕಡೆಯಿಂದ ಇವರು ವೀರಾವೇಶದಿಂದ ಎಳೆದದ್ದೇ ಎಳೆದದ್ದು, ಅವಳ ಮುಂದಿನ ಹಲ್ಲಿನ ಮೂಲೆ ಟಣ್ಣೆಂದು ಹಾರಿಹೋಯಿತು! ಅದಾಗಿ ಎರಡು ವರ್ಷ. ಹಡಗಿಗೆ ಹಾಯಿ ಬರಲಿಲ್ಲ, ಹಲ್ಲಿಗೆ ಮೂಲೆ ಬರಲಿಲ್ಲ.

"ನಿಮ್ಮ ಕುದುರೆ ಏನಾದ್ರೂ ಮಾಡ್ಕೊಳ್ಳಿ," ಎಂದಳು ಹೆಂಡತಿ. "ಮುಂದಿನ ವಾರ ನನ್ನ ಸಂದರ್ಶನ. ಅದು ನೆನಪಿರಲಿ."

ಅವಳು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿದ್ದಳು. ಎಲ್ಲಿ ಪೈಪ್ ಒಡೆದರೆ ಯಾರ ಮನೆಯ ನಲ್ಲಿ ನಿಲ್ಲುತ್ತದೆ ಎಂಬುದು ಅವಳಿಗೆ ಬಾಯಿಪಾಠ. ಆದರೂ ಹೋದ ಸಲ ವಿಭಾಗದ ಮುಖ್ಯಸ್ಥೆಯ ಹುದ್ದೆ ಕೈತಪ್ಪಿತ್ತು. "ಕೆಲಸದಲ್ಲಿ ನಿಮ್ಮನ್ನ ಮೀರಿಸೋರಿಲ್ಲ. ಆದ್ರೆ ನೀವು ನಗೋದೇ ಇಲ್ವಲ್ಲ! ದೂರು ಕೊಡೋಕೆ ಬಂದೋರು ನಿಮ್ಮ ಮುಖ ನೋಡಿ ಕ್ಷಮೆ ಕೇಳಿ ವಾಪಸ್ ಹೋಗ್ತಾರೆ" ಎಂದಿದ್ದರು ದೊಡ್ಡ ಮೇಡಂ.

"ಈ ಸಲವೂ ತಪ್ಪಿದ್ರೆ ನಿವೃತ್ತಿ ತನಕ ಅದೇ ಮೂಲೆ ಕುರ್ಚಿ ನನಗೆ. ರೀ, ಅಷ್ಟರೊಳಗೆ ನನ್ನ ಹಲ್ಲು..."

"ನಾಳೆ! ನಾಳೆ ಕ್ಲಿನಿಕ್ಕಿಗೆ ಇಳಿದು ಬಾ, ನೋಡೋಣ."

ಕ್ಲಿನಿಕ್ ಇದ್ದದ್ದು ಅದೇ ಮನೆಯ ಕೆಳಗೆ. ಮೆಟ್ಟಿಲಿಳಿದರೆ ಆಯಿತು. ಆದರೆ ಅವಳು ಇಳಿದಾಗಲೆಲ್ಲ ಅಲ್ಲಿ ಬೇರೆ ಯಾರಾದರೂ ಬಾಯಿ ತೆರೆದು ಕೂತಿರುತ್ತಿದ್ದರು, ಡಾಕ್ಟರು ಮತ್ತೆ "ನಾಳೆ" ಎನ್ನುತ್ತಿದ್ದರು.

ಕುದುರೆಗಳು ಮಾತ್ರ ಒಂದು ದಿನವೂ ನಾಳೆಗೆ ನಿಲ್ಲಲಿಲ್ಲ! ಮೊದಲನೆಯದಕ್ಕೆ ಐದು ಕಾಲಾದವು. ಒಂದನ್ನು ಒರೆಸಲು ಹೋದರೆ ಎರಡು ಅಳಿಸಿಹೋದವು. ಈ ಕಾಲಿನ ಸಹವಾಸವೇ ಬೇಡವೆಂದು ಡಾಕ್ಟರು ಮಾರನೆಯ ದಿನದ ಕುದುರೆಯನ್ನು ಎದೆಮಟ್ಟದ ಹುಲ್ಲಿನಲ್ಲಿ ನಿಲ್ಲಿಸಿದರು. ಆಮೇಲಿನದು ಹೊಳೆಯಲ್ಲಿ ನಿಂತಿತು. ಅದರಾಚೆಯದು ಗೋಡೆಯ ಹಿಂದೆ.

"ಪಾಪ, ಇದನ್ನ ಯಾಕೋ ಅರ್ಧ ಹೂತುಬಿಟ್ಟಿದೀಯ?" ಎಂದು ತಾಯಿ ಕೇಳಿದರು.

ಆದರೆ ಬಾಯಿಯ ಹತ್ತಿರ ಬಂದರೆ ಮಾತ್ರ ಡಾಕ್ಟರ ಕೈ ಕೈಯಲ್ಲ, ಮಂತ್ರದಂಡ! ಕ್ಲಿನಿಕ್ಕಿನಲ್ಲಿ ಹಲ್ಲಿಗೆ ಮದ್ದು ತುಂಬುವ ಪುಟ್ಟ ಕರಣೆಯಿಂದ ಬಿಳಿಬಣ್ಣವನ್ನು ಪದರದ ಮೇಲೆ ಪದರ ತುಂಬಿ, ಒಂದೊಂದು ಹಲ್ಲನ್ನೂ ತಿದ್ದಿ ತೀಡಿ, ಮುತ್ತಿನ ಹಾಗೆ ಕೂರಿಸುತ್ತಿದ್ದರು. ಹಲ್ಲು ತೋರಿಸಲೆಂದೇ ಎಲ್ಲ ಕುದುರೆಗಳೂ ಬಾಯಿ ತೆರೆದವು.

"ಇವಕ್ಕೆಲ್ಲ ಯಾಕ್ರೀ ಇಷ್ಟೊಂದು ನಗು?" ಹೆಂಡತಿ ಕೇಳಿದಳು.

"ನಗು ಅಲ್ಲ ಕಣೇ, ಕೆನೆತ! ಇದು ಓಜಸ್ಸು!"

"ಹೊಸ ಹಲ್ಲು ಕಟ್ಟಿಸ್ಕೊಂಡು ಹೊರಗೆ ಬಂದ ಪೇಷೆಂಟ್ ಹಾಗಿದೆ."

"ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ!"

"ಕತ್ತೇನ ಬಿಡಿ. ಮೊದಲು ಕುದುರೆಗೆ ಕಾಲು ಹಚ್ಚಿ."

ನಿಜವಾದ ಸಂಕಟ ಶುರುವಾದದ್ದು ಅಲ್ಲಲ್ಲ. ಎಣ್ಣೆಬಣ್ಣ ಒಣಗುವುದಿಲ್ಲ! ಅಂದರೆ ಒಣಗುತ್ತದೆ, ಸರಕಾರಿ ಕಡತ ಸಾಗುವ ವೇಗದಲ್ಲಿ. ಹಿಂದಿನ ಕುದುರೆ ಹಸಿಯಾಗಿರುವಾಗಲೇ ಮುಂದಿನದು ಹುಟ್ಟುತ್ತಿತ್ತು. ಫ್ರಿಜ್ಜಿನ ಮೇಲೆ ಕುದುರೆ, ಟೀವಿಯ ಮುಂದೆ ಕುದುರೆ, ಮೆಟ್ಟಿಲಿಗೊಂದು ಕುದುರೆ! ಮನೆಮಂದಿಯೆಲ್ಲ ಏಡಿಗಳ ಹಾಗೆ ಅಡ್ಡಡ್ಡ ನಡೆಯಬೇಕಾಯಿತು. ಒಂದು ಬೆಳಗ್ಗೆ ತಾಯಿ ಮುಖ ತೊಳೆಯಲು ಹೋದರೆ ಕನ್ನಡಿಗೆ ಅಡ್ಡವಾಗಿ ಕುದುರೆ ನಿಂತಿತ್ತು.

"ನಿದ್ದೆಗಣ್ಣಲ್ಲಿ ನನ್ನ ಮುಖವೇ ಅಂದ್ಕೊಂಡೆ," ಎಂದರು ಅವರು ಹಲ್ಲಿನ ಸೆಟ್ಟನ್ನು ಲೋಟದಿಂದ ತೆಗೆದು ಹಾಕಿಕೊಳ್ಳುತ್ತ. "ಹಲ್ಲು ನೋಡಿದ ಮೇಲೆ ಸಮಾಧಾನ ಆಯ್ತು."

ಡಾಕ್ಟರಿಗೆ ಅವಮಾನವಾಯಿತು. ಇಡೀ ಜೀವಮಾನ ಮೆತ್ತಗಿನದನ್ನು ಗಟ್ಟಿ ಮಾಡುತ್ತಲೇ ಬಂದವರು ಅವರು. ಹಲ್ಲಿನ ಕುಳಿಗೆ ಮದ್ದು ತುಂಬಿ ನೀಲಿ ದೀಪ ಹಿಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಲ್ಲಾಗುತ್ತದೆ. ಹಲ್ಲಿಗೆ ಆಗುವುದು ಕುದುರೆಗೆ ಯಾಕಾಗಬಾರದು? ಹೊಳೆಯಲ್ಲಿ ನಿಂತ ಕುದುರೆಯನ್ನು ಕೆಳಗೆ ಒಯ್ದು, ರೋಗಿಯ ಕುರ್ಚಿಯಲ್ಲಿ ಮಲಗಿಸಿ, ನೀಲಿ ದೀಪ ಹಿಡಿದು ಕೂತರು.

ನರ್ಸಮ್ಮ ಗಂಭೀರವಾಗಿ ಕೇಳಿದಳು: "ಸರ್, ಬಾಯಿ ಮುಕ್ಕಳಿಸೋಕೆ ನೀರಿಡ್ಲಾ?"

ಮಧ್ಯಾಹ್ನವೆಲ್ಲ ದೀಪ ಉರಿಯಿತು. ಡಾಕ್ಟರು ಬೆರಳಿಟ್ಟು ನೋಡಿದರು. ಬೆರಳು ಬೆಳ್ಳಗಾಯಿತು! ಅಷ್ಟರಲ್ಲಿ ಕೆನ್ನೆ ಊದಿಸಿಕೊಂಡ ಒಬ್ಬಾತ ಬಾಗಿಲು ಸರಿಸಿ ಇಣುಕಿದ. ಕುರ್ಚಿಯಲ್ಲಿ ಕುದುರೆಯನ್ನು ಕಂಡ. "ಓ, ಇದು ಪಶುವೈದ್ಯರದಾ!" ಎಂದು ಬೋರ್ಡನ್ನು ಇನ್ನೊಮ್ಮೆ ಓದಲು ಹೊರಗೆ ಹೋದವನು ಮರಳಿ ಬರಲಿಲ್ಲ.

ಸಂದರ್ಶನದ ಹಿಂದಿನ ಸಂಜೆ ಹೆಂಡತಿ ಹೊಸದಾಗಿ ಹೊಲಿಸಿದ ಕಪ್ಪು ಕೋಟನ್ನು ತಂದು ತೋರಿಸಿದಳು.

"ನೋಡಿ. ಇದಕ್ಕೆ ನಿಮ್ಮ ಬಣ್ಣ ತಾಗಿದ್ರೆ..."

"ಒಂದೇ ಒಂದು ಚುಕ್ಕೆ ತಾಗಲಿ, ಬ್ರಷ್ ಮುರಿದು ನಿನ್ನ ಕೈಗೆ ಕೊಡ್ತೀನಿ! ಇದು ನನ್ನ ಮಾತು!"

ಮರುದಿನ ಬೆಳಗ್ಗೆ, ಕ್ಲಿನಿಕ್ ತೆರೆಯುವ ಮೊದಲೇ, ಡಾಕ್ಟರು ಒಂದು ಮಹಾಕೃತಿಯನ್ನು ಮುಗಿಸಿದರು. ಕರಿ ಕುದುರೆ, ತಲೆ ಮಾತ್ರ! ಕಾಲಿನ ರಗಳೆಯೇ ಇಲ್ಲ. ಕಪ್ಪು ಹಿನ್ನೆಲೆ, ಕಪ್ಪು ಮುಖ, ನಡುವೆ ಎರಡು ಸಾಲು ಹಲ್ಲು ಫಳಫಳ. ಇಡಲು ಮನೆಯಲ್ಲಿ ಬೇರೆಲ್ಲೂ ಜಾಗವಿಲ್ಲದೆ ಬಾಗಿಲ ಬಳಿಯ ಕುರ್ಚಿಯ ಬೆನ್ನಿಗೆ ಒರಗಿಸಿದರು. ಎರಡೇ ನಿಮಿಷ, ಫೋನ್ ತಂದು ಫೋಟೋ ತೆಗೆದರಾಯಿತು! ಅಷ್ಟರಲ್ಲಿ ನರ್ಸಮ್ಮ ಕೆಳಗಿನಿಂದ ಕೂಗಿದಳು. ಹಲ್ಲುನೋವಿನ ಮನುಷ್ಯನೊಬ್ಬ ಬಾಗಿಲು ಬಡಿಯುತ್ತಿದ್ದ. ಡಾಕ್ಟರು ಇಳಿದು ಹೋಗಿ ಅವನ ಒಸಡಿಗೆ ಮರಗಟ್ಟಿಸುವ ಸೂಜಿ ಚುಚ್ಚಿ, ಹತ್ತಿ ಇಟ್ಟು, ಫೋನ್ ಹಿಡಿದುಕೊಂಡು ಮೇಲೆ ಓಡಿ ಬಂದರು.

ಕುರ್ಚಿಯಲ್ಲಿ ಕ್ಯಾನ್ವಾಸ್ ಇತ್ತು. ಅದರಲ್ಲಿ ಕುದುರೆ ಇರಲಿಲ್ಲ!

"ಅಮ್ಮಾ! ನನ್ನ ಕುದುರೆ ಎಲ್ಲಿ?"

"ಕಟ್ಟಿ ಹಾಕ್ದೆ ಬಿಟ್ರೆ ಇನ್ನೇನಾಗುತ್ತೆ?" ಎಂದರು ತಾಯಿ, ಆಗಷ್ಟೇ ಹಲ್ಲಿನ ಸೆಟ್ ಹಾಕಿಕೊಂಡು. "ನಿನ್ನ ಹೆಂಡತಿ ಸಂದರ್ಶನದ ಉತ್ತರ ಬಾಯಿಪಾಠ ಹೇಳ್ಕೋತಾ ಬಂದು, ಅದಕ್ಕೇ ಒರಗಿ ಕೂತು, ಶೂ ಹಾಕ್ಕೊಂಡು ಹೋದಳು. ನಾನು ಕೂಗಿದೆನಪ್ಪ! ಬಾಯಲ್ಲಿ ಹಲ್ಲಿರಲಿಲ್ಲ. ಹಾರೈಸ್ತಿದೀನಿ ಅಂದ್ಕೊಂಡು, ಥ್ಯಾಂಕ್ಸ್ ಅತ್ತೆ ಅಂತ ಕೈ ಬೀಸಿ ಹೋದಳು."

ಅಶ್ವಮೇಧದ ಕುದುರೆ ಹೊರಟೇಬಿಟ್ಟಿತ್ತು, ಅದೂ ಹೆಂಡತಿಯ ಬೆನ್ನೇರಿ! ಡಾಕ್ಟರು ಫೋನ್ ಮಾಡಿದರು, ಅವಳದು ಬಂದ್ ಆಗಿತ್ತು. "ಅವರ ಬಾಯಿ ಹಾಗೇ ತೆರೆದಿರಲಿ, ಈಗ ಬಂದೆ!" ಎಂದು ನರ್ಸಮ್ಮನಿಗೆ ಕೂಗಿ, ಬಿಳಿ ಅಂಗಿಯಲ್ಲೇ, ಕಾಲಿಗೊಂದು ಬಗೆಯ ಚಪ್ಪಲಿ ಮೆಟ್ಟಿ, ಬೀದಿಯುದ್ದಕ್ಕೂ ಓಡಿದರು. ಕುದುರೆಗೆ ಕಾಲು ಬಿಡಿಸಲು ಬಾರದ ಮನುಷ್ಯ ಆವತ್ತು ಕುದುರೆಯ ಹಾಗೆಯೇ ಓಡಿದರು ನೋಡಿ!

ಕಚೇರಿಯಲ್ಲಿ ಸಂದರ್ಶನದ ಕೋಣೆಗೆ ಗಾಜಿನ ಗೋಡೆ. ಒಳಗೆ ದೊಡ್ಡ ಮೇಡಂ, ಅವರ ಅಕ್ಕಪಕ್ಕ ಇಬ್ಬರು. ಅವರೆದುರು ಹೆಂಡತಿ, ತುಟಿ ಬಿಗಿದುಕೊಂಡು. ಡಾಕ್ಟರು ಗಾಜಿನಾಚೆ ನಿಂತು ಕೈ ಬೀಸಿದರು. ಅವಳು ಓರೆಗಣ್ಣಿನಲ್ಲಿ ನೋಡಿದಳು. ಇವರು ತಿರುಗಿ ನಿಂತು ತಮ್ಮ ಬೆನ್ನನ್ನು ತೋರಿಸಿದರು, ಬೆನ್ನಿನ ಮೇಲೆ ಬಡಿದುಕೊಂಡರು, ಎರಡೂ ಕೈಯಲ್ಲಿ ಹಲ್ಲಿನ ಆಕಾರ ಮಾಡಿದರು. ನೆಟ್ಟಗೆ ಕೂತ್ಕೋ ಎನ್ನುತ್ತಿದ್ದಾರೆಂದು ತಿಳಿದ ಆ ಪತಿವ್ರತೆ ಬೆನ್ನನ್ನು ಕುರ್ಚಿಗೆ ಇನ್ನಷ್ಟು ಬಲವಾಗಿ ಒತ್ತಿ ಕೂತಳು! ಮದುವೆಯಾದಂದಿನಿಂದ ಗಂಡನ ಒಂದು ಮಾತೂ ಕೇಳದವಳು ಆವತ್ತೇ ಕೇಳಬೇಕೇ?

ಸಂದರ್ಶನ ಮುಗಿಯಿತು. ಅವಳು ಎದ್ದಳು, ವಂದಿಸಿದಳು, ಬಾಗಿಲ ಕಡೆ ತಿರುಗಿದಳು. ಒಳಗಿದ್ದ ಮೂವರ ಕಣ್ಣೂ ಒಟ್ಟಿಗೇ ಅಗಲವಾದವು. ಮುಂದಿನದನ್ನು ನೋಡುವ ಧೈರ್ಯ ಡಾಕ್ಟರಿಗಿರಲಿಲ್ಲ. ಕಾಲಿಗೆ ಬುದ್ಧಿ ಹೇಳಿದರು. ಕ್ಲಿನಿಕ್ಕಿನಲ್ಲಿ ಹಲ್ಲುನೋವಿನ ಮನುಷ್ಯ ಇನ್ನೂ ಬಾಯಿ ತೆರೆದೇ ಕೂತಿದ್ದ.

ಸಂಜೆ ಹೆಂಡತಿ ಮನೆಗೆ ಬಂದಳು. ಅದೇ ಕೋಟು, ಅದೇ ಬಿಗಿದ ತುಟಿ. ಅವಳು ಬಾಯಿ ತೆರೆಯುವ ಮೊದಲೇ ಡಾಕ್ಟರು ಬ್ರಷ್ಷನ್ನು ಪಟ್ಟೆಂದು ಮುರಿದು ಅವಳ ಕೈಗಿತ್ತರು.

"ತಪ್ಪಾಯ್ತು! ನನ್ನ ಕುದುರೆ ನಿನ್ನ ಬೆನ್ನ ಮೇಲಿದೆ. ನಿನ್ನ ಕೆಲಸ ಹಾಳು ಮಾಡಿದ ಪಾಪಿ ನಾನು!"

ಅವಳು ಕೋಟು ಬಿಚ್ಚಿ ತಿರುಗಿಸಿ ನೋಡಿದಳು. ಕಪ್ಪು ಬಟ್ಟೆಯ ಮೇಲೆ ಕರಿ ಕುದುರೆ ಕಾಣುವುದುಂಟೇ? ಮುಖವಿಲ್ಲ, ಮೂತಿಯಿಲ್ಲ. ಈ ತೋಳಿನಿಂದ ಆ ತೋಳಿನವರೆಗೆ ಎರಡು ಸಾಲು ಹಲ್ಲು ಮಾತ್ರ, ಬೆಳ್ಳಗೆ, ಭರ್ಜರಿಯಾಗಿ ನಗುತ್ತಿದ್ದವು!

"ಓಹೋ!" ಎಂದಳು ಅವಳು ನಿಧಾನವಾಗಿ. "ಈಗ ಗೊತ್ತಾಯ್ತು."

"ಏನು?"

"ಹುದ್ದೆ ನನಗೇ ಸಿಕ್ತು ರೀ. ದೊಡ್ಡ ಮೇಡಂ ಕೈಕುಲುಕಿ ಏನಂದ್ರು ಗೊತ್ತಾ? ಕೆಲಸದ ಬಗ್ಗೆ ಹೋದ ಸಲವೂ ಅನುಮಾನ ಇರ್ಲಿಲ್ಲ, ಆದ್ರೆ ಇಷ್ಟು ದೊಡ್ಡ ನಗೂನ ಬೆನ್ನ ಹಿಂದೆ ಬಚ್ಚಿಟ್ಕೊಂಡಿದೀರಿ ಅಂತ ಗೊತ್ತಿರ್ಲಿಲ್ಲ ಅಂದ್ರು! ದಿನವೆಲ್ಲ ತಲೆ ಕೆರ್ಕೊಂಡೆ, ಏನು ಹೇಳಿದ್ರು ಇವ್ರು ಅಂತ!"

ಡಾಕ್ಟರ ಎದೆ ಮತ್ತೆ ಉಬ್ಬಿತು. "ನೋಡಿದೆಯಾ! ನನ್ನ ಕುದುರೆ..."

"ಕುದುರೆ ಅಂತ ಒಬ್ರೂ ಅನ್ಲಿಲ್ಲ. ಜವಾನ ಮಾತ್ರ, ಮೇಡಂ, ಯಾವ ಹಲ್ಲಿನ ಡಾಕ್ಟರ ಜಾಹೀರಾತು ಅಂತ ಕೇಳಿದ. ನಮ್ಮೋರದೇ ಅಂದ್ಬಿಟ್ಟೆ, ಯಾಕೆ ಕೇಳ್ತಿದಾನೆ ಅಂತ ಗೊತ್ತಿಲ್ದೇನೇ!"

ಅಷ್ಟು ಹೇಳಿ ಅವಳು ನಕ್ಕಳು. ಕೋಟನ್ನು ಹಿಡಿದುಕೊಂಡು, ಬಾಯ್ತುಂಬ, ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ತಾಯಿಯೂ ನಕ್ಕರು. ಡಾಕ್ಟರು ಬೆರಗಾಗಿ ನೋಡಿದರು. ಎಷ್ಟು ಚೆನ್ನಾಗಿ ನಗುತ್ತಾಳೆ ಇವಳು!

"ಅಲ್ಲ ಕಣೇ, ಇಷ್ಟು ಚೆನ್ನಾಗಿ ನಗೋಳು ಆಫೀಸಲ್ಲಿ ಯಾಕೆ ಗಂಟು ಮುಖ ಹಾಕ್ಕೊಂಡಿರ್ತೀಯ?"

ಅವಳು ನಗು ನಿಲ್ಲಿಸಿ, ಬೆರಳಿನಿಂದ ತುಟಿಯನ್ನು ಮೇಲಕ್ಕೆತ್ತಿ ತೋರಿಸಿದಳು. ಮುಂದಿನ ಹಲ್ಲು. ಮೂಲೆ ಮುರಿದದ್ದು.

"ಇದನ್ನ ಇಟ್ಕೊಂಡಾ?"

ಊರವರ ಬಾಯೊಳಗೆಲ್ಲ ದೀಪ ಹಿಡಿದವರು ಡಾಕ್ಟರು, ಸ್ವಂತ ದೀಪದ ಬುಡದಲ್ಲೇ ಕತ್ತಲೆ! ನಾಚಿಕೆಯಿಂದ ಅವರಿಗೆ ತಲೆಯೆತ್ತಲಾಗಲಿಲ್ಲ. ಮನೆಯಲ್ಲಿದ್ದ ಕುದುರೆಗಳೆಲ್ಲ ಫ್ರಿಜ್ಜಿನ ಮೇಲಿಂದ, ಟೀವಿಯ ಮುಂದಿನಿಂದ ಅವರನ್ನೇ ನೋಡಿ ಹಲ್ಲು ಕಿರಿಯುತ್ತಿದ್ದವು.

ಅಷ್ಟರಲ್ಲಿ ಫೋನ್ ಟಿಣ್ಣೆಂದಿತು. ಸಹಪಾಠಿ! "ಇವತ್ತಿನ ಕುದುರೆ ಎಲ್ಲಿ? ಔಟಾ?"

ಡಾಕ್ಟರು ಫೋನನ್ನು ನೋಡಿದರು. ಹೆಂಡತಿಯ ಹಲ್ಲನ್ನು ನೋಡಿದರು. ಫೋನನ್ನು ಹತ್ತಿರದ ಹಸಿ ಕುದುರೆಯ ಮೇಲೆ ಬೋರಲು ಹಾಕಿ, "ನಡಿ ಕೆಳಗೆ!" ಎಂದರು.

"ನಾಳೆ ನೋಡೋಣ ಬಿಡಿ..."

"ನಾಳೆ ಗೀಳೆ ಏನಿಲ್ಲ. ಈಗಲೇ!"

ಕುರ್ಚಿಯಲ್ಲಿ ಕೂರಿಸಿ, ಹಲ್ಲನ್ನು ತೊಳೆದು, ಮದ್ದನ್ನು ಚೂರು ಚೂರೇ ಹಚ್ಚಿ, ಮುರಿದ ಮೂಲೆಯನ್ನು ಮತ್ತೆ ಕಟ್ಟಿದರು. ನೀಲಿ ದೀಪ ಹಿಡಿದರು. ಅವಳು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅದು ಕಲ್ಲಾಗಿತ್ತು.

"ಇಷ್ಟೇನಾ?" ಎಂದಳು ಅವಳು.

"ಇಷ್ಟೇ," ಎಂದರು ಡಾಕ್ಟರು, ನೆಲ ನೋಡುತ್ತ.

"ಇಷ್ಟಕ್ಕೆ ಎರಡು ವರ್ಷ?"

ಡಾಕ್ಟರು ಕನ್ನಡಿಯನ್ನು ಕೈಗೆ ಕೊಟ್ಟರು. ಹೆಂಡತಿ ಹಲ್ಲನ್ನು ಈ ಕಡೆಯಿಂದ ನೋಡಿದಳು, ಆ ಕಡೆಯಿಂದ ನೋಡಿದಳು. ದೊಡ್ಡದಾಗಿ ನಕ್ಕು ನೋಡಿದಳು. ಡಾಕ್ಟರು ತೀರ್ಪಿಗೆ ಕಾದರು.

"ಪರವಾಗಿಲ್ಲ," ಎಂದಳು ಕನ್ನಡಿಯನ್ನು ಕೆಳಗಿಡುತ್ತ. "ಆದ್ರೆ ಕುದುರೆಗೆ ಇದಕ್ಕಿಂತ ಚೆನ್ನಾಗಿ ಹಾಕಿದ್ರಿ!"