ಎದ್ದು ಕಾಣುವ ಗೋಡೆ

ಎಲ್ಲದಕ್ಕೂ ಕಾರಣ ಒಂದು ಪುಟ. ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ಸರದಿಗೆ ಕಾಯುತ್ತ ಕೂತಿದ್ದ ಹೆಂಡತಿ, ಅಲ್ಲಿದ್ದ ಹಳೆಯ ಪತ್ರಿಕೆಯಿಂದ ಅದನ್ನು ಕೆಮ್ಮಿನ ಮರೆಯಲ್ಲಿ ಹರಿದು ಚೀಲಕ್ಕೆ ಸೇರಿಸಿದ್ದಳು. ಹಲ್ಲು ಕೀಳಿಸಿಕೊಂಡವಳು ಅವಳು. ನೋವು ತಿಂದವನು ಗಂಡ.

ಗಂಡ ಅಚ್ಚುಕೂಟವೊಂದರಲ್ಲಿ ಕರಡು ತಿದ್ದುವವನು. ಬಗ್ಗಿ ಬಗ್ಗಿ ಬೆನ್ನು ಬಾಗಿದ್ದರಿಂದಲೂ, ಮಾತಿನ ನಡುವೆ ನಿಂತು ನಿಂತು ಯೋಚಿಸುವುದರಿಂದಲೂ ಕಟ್ಟಡದವರೆಲ್ಲ ಅವನಿಗೆ ‘ಅಲ್ಪವಿರಾಮ’ ಎಂದು ಹೆಸರಿಟ್ಟಿದ್ದರು. ತಪ್ಪಿದ ಒಂದು ದೀರ್ಘ, ಬಿಟ್ಟುಹೋದ ಒಂದು ಒತ್ತು, ಯಾವುದೂ ಅವನ ಕಣ್ಣು ತಪ್ಪಿಸಿ ಹೋಗುವಂತಿರಲಿಲ್ಲ. ಆದರೆ ಆ ಕಣ್ಣಿಗೆ ಕೆಂಪು, ಹಸಿರು, ಕಂದು ಮೂರೂ ಒಂದೇ ತಾಯಿಯ ಮಕ್ಕಳು. ಟೊಮೆಟೊ ಕೆಂಪು, ಸೊಪ್ಪು ಹಸಿರು ಎಂದು ಅವನಿಗೆ ಗೊತ್ತಿದ್ದದ್ದು ಓದಿ.

ಇದನ್ನು ಅವನು ಹೆಂಡತಿಗೆ ಹೇಳಿರಲಿಲ್ಲ. ಹದಿನೆಂಟು ವರ್ಷದ ಹಿಂದೆ, ಮೊದಲ ಭೇಟಿಯಲ್ಲೇ, “ನಿಮ್ಮ ಹಸಿರು ಶಾಲು ತುಂಬಾ ಚೆನ್ನಾಗಿದೆ” ಅಂದುಬಿಟ್ಟಿದ್ದ. ಶಾಲು ಕೆಂಪಾಗಿತ್ತು. ಅವಳು ಬಿದ್ದು ಬಿದ್ದು ನಕ್ಕು, “ಎಷ್ಟು ತಮಾಷೆ ಮಾಡ್ತೀರಪ್ಪಾ!” ಅಂದಳು. ಆ ನಗು ನೋಡಿ ಅವನು ಸೋತ. ನಗಿಸಿದ್ದು ತಪ್ಪಿನಿಂದ ಎಂದು ಹೇಳುವ ಧೈರ್ಯ ಆವತ್ತು ಬರಲಿಲ್ಲ. ಆವತ್ತು ಬಾರದ್ದು ಆಮೇಲೆ ಬರುವುದು ಕಷ್ಟ. ಅಂದಿನಿಂದ ಪರದೆಯೋ ಚಾದರವೋ, ಏನು ಕೊಳ್ಳಲು ಹೋದರೂ ಅವನದು ಒಂದೇ ಮಾತು: “ನಿನಗೆ ಹೇಗೆ ಕಾಣುತ್ತೋ ಹಾಗೆ.”

ಈಗ ಆ ಪುಟವನ್ನು ಹೆಂಡತಿ ಬೆಳಗಿನ ಕಾಫಿಯ ಪಕ್ಕದಲ್ಲಿ ಹರವಿದಳು.

“ನೋಡಿ, ಲೆಕ್ಕ ಇದೆ ಇದಕ್ಕೆ. ನೂರರಲ್ಲಿ ಅರವತ್ತು ಪಾಲು ಒಂದು ತಣ್ಣನೆ ಬಣ್ಣ. ನಮ್ಮ ಕೆನೆ ಬಣ್ಣದ ಗೋಡೆ ಆಯ್ತು. ಮೂವತ್ತು ಪಾಲು ಅದಕ್ಕೆ ಹೊಂದೋದು. ಸೋಫಾ, ಪರದೆ ಆಯ್ತು. ಉಳಿದ ಹತ್ತು ಪಾಲು ಎದ್ದು ಕಾಣಬೇಕು. ಸೋಫಾ ಹಿಂದಿನ ಗೋಡೆ. ಪೇಂಟರಿಗೆ ಹೇಳಿದ್ದೀನಿ, ಒಂಬತ್ತಕ್ಕೆ ಬರ್ತಾನೆ. ಸಂಜೆ ಐದಕ್ಕೆ ಅಕ್ಕನ್ನ ಕರ್ಕೊಂಡು ಬರ್ತೀನಿ.”

ಅಕ್ಕ ಎಂದರೆ ಸಾಮಾನ್ಯಳಲ್ಲ. ಹೋದ ಸಲ ಬಂದಾಗ ಈ ಕೋಣೆಯ ನಾಲ್ಕೂ ಕೆನೆ ಬಣ್ಣದ ಗೋಡೆಗಳನ್ನು ಒಂದು ಸುತ್ತು ನೋಡಿ, ಕುರ್ಚಿಯ ತುದಿಯಲ್ಲಿ ಕೂತು, “ಡಾಕ್ಟರು ಎಷ್ಟು ಹೊತ್ತಿಗೆ ಬರ್ತಾರೆ?” ಎಂದು ಕೇಳಿದ್ದಳು. ಆ ಮಾತು ಹೆಂಡತಿಯ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

“ಬಣ್ಣ ಯಾವುದು ಅಂತ ಹೇಳಿದ್ದೀಯಾ ಪೇಂಟರಿಗೆ?” ಅಲ್ಪವಿರಾಮ ಕೇಳಿದ.

“ಇಲ್ಲ. ಅದನ್ನ ನೀವು ಆರಿಸಿ.” ಅವಳು ಬಣ್ಣಗಳ ಶೇಡ್ ಕಾರ್ಡನ್ನು ಅವನ ಮುಂದೆ ಇಟ್ಟಳು. “ಹದಿನೆಂಟು ವರ್ಷದಲ್ಲಿ ಈ ಮನೆಗೆ ಒಂದು ಕರವಸ್ತ್ರದ ಬಣ್ಣವನ್ನೂ ನೀವು ಹೇಳಿಲ್ಲ. ಬಾಡಿಗೆದಾರರ ಹಾಗೆ ಇದ್ದೀರಿ. ನಿಮಗೂ ಈ ಮನೆ ಬಗ್ಗೆ ಏನಾದ್ರೂ ಅನ್ನಿಸುತ್ತೆ ಅಂತ ಒಂದು ಸಲ ತೋರಿಸಿ.”

ಅವನು ಬಾಯಿ ತೆರೆದ. ಅವಳು ನಿಂತು ಕಾದಳು, ಒಂದು ಕ್ಷಣ ಹೆಚ್ಚೇ ಕಾದಳು. ಅವನು ಬಾಯಿ ಮುಚ್ಚಿದ. ಅವನಿಗೆ ಆವತ್ತು ರಜೆ; ಅವಳು ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೊರಟಳು.

ಕಾರ್ಡಿನಲ್ಲಿ ಅರವತ್ತು ಚೌಕಗಳಿದ್ದವು. ಅವನ ಕಣ್ಣಿಗೆ ಅದರಲ್ಲಿ ಅರ್ಧದಷ್ಟು ಮಳೆ ನಿಂತ ಮೇಲಿನ ಕೆಸರಿನ ಹಾಗಿದ್ದವು. ಆದರೆ ಚೌಕಗಳ ಕೆಳಗೆ ನಂಬರುಗಳಿದ್ದವು. ನಂಬರು ಓದಲು ಅವನಿಗೆ ಯಾರ ಸಹಾಯವೂ ಬೇಕಿರಲಿಲ್ಲ. ಎದುರುಮನೆಯಲ್ಲಿ ಹೊಲಿಗೆ ಯಂತ್ರ ಕಟಕಟ ಅನ್ನುತ್ತಿತ್ತು. ಅವನು ಕಾರ್ಡು ಹಿಡಿದು ಟೈಲರಮ್ಮನ ಬಾಗಿಲಿಗೆ ಹೋದ.

“ಸುಮ್ಮನೆ ಕೇಳ್ತಿದ್ದೀನಿ, ಇದರಲ್ಲಿ ನಿಮಗೆ, ಯಾವುದು ಇಷ್ಟ?”

ಟೈಲರಮ್ಮ ಯಂತ್ರ ನಿಲ್ಲಿಸಿದಳು. “ಗೋಡೆಗಾ ಅಣ್ಣಾ? ಕಣ್ಣು ಮುಚ್ಚಿಕೊಂಡು ಇದನ್ನ ಹಾಕ್ಸಿ. ಎಲೆ ಹಸಿರು. ಕೂತ್ರೆ ತೋಟದಲ್ಲಿ ಕೂತ ಹಾಗಿರುತ್ತೆ.”

ಕಣ್ಣು ಮುಚ್ಚಿಕೊಂಡು ಎಂಬ ಮಾತು ಅವನಿಗೆ ಬಹಳ ಹಿಡಿಸಿತು. ನಂಬರು ನಲವತ್ತೇಳು. ಬಾಯಲ್ಲಿ ಜಪಿಸುತ್ತ ಮೆಟ್ಟಿಲಿಳಿಯುವಾಗ ಮೇಲಿನ ಮಹಡಿಯ ಹೆಡ್‌ಮಾಸ್ತರು ಅಡ್ಡ ಬಂದರು. ಕೆಲಸದಿಂದ ನಿವೃತ್ತರಾಗಿ ಆರು ವರ್ಷವಾಗಿತ್ತು. ಪಾಠ ಮಾಡುವುದರಿಂದ ಆಗಿರಲಿಲ್ಲ. ಕಟ್ಟಡದ ಸಂಘಕ್ಕೂ ಅವರೇ ಕಾರ್ಯದರ್ಶಿ.

“ಹತ್ತು ಪಾಲೇ?” ವಿಷಯ ಕೇಳಿ ಮೇಷ್ಟರ ಹುಬ್ಬು ಮೇಲೇರಿತು. “ನಾಲ್ಕರಲ್ಲಿ ಒಂದು ಗೋಡೆ ಅಂದ್ರೆ ಇಪ್ಪತ್ತೈದು ಪಾಲು. ಹತ್ತು ಹೇಗಾಯ್ತಪ್ಪಾ? ಲೆಕ್ಕ ಬಿಡು. ಹಸಿರು ಅಂತೂ ಬೇಡ. ಮನೆಯೇನು ದನದ ಹುಲ್ಲುಗಾವಲೇ? ಇಟ್ಟಿಗೆ ಕೆಂಪು ಹಾಕ್ಸು. ಗಂಭೀರವಾಗಿರುತ್ತೆ.”

“ಆಗ್ಲಿ ಮೇಷ್ಟ್ರೇ,” ಎಂದು ಅಲ್ಪವಿರಾಮ ಅವರ ತೋಳಿನಡಿ ನುಸುಳಿಕೊಂಡು ಹೋದ.

ಬಣ್ಣದಂಗಡಿಯವನು ನಲವತ್ತೇಳರ ಡಬ್ಬಿಯನ್ನು ತೆಗೆದು ಕೌಂಟರಿನ ಮೇಲಿಟ್ಟ. “ಇದು ಒಂದೇ ಇರೋದು ಸಾರ್. ಅರ್ಧ ಗೋಡೆಗೆ ಆಗುತ್ತೆ. ಬೇರೇದು ನೋಡ್ತೀರಾ?” ಎಂದು ವರ್ಷದಿಂದ ಧೂಳು ತಿನ್ನುತ್ತಿದ್ದ ಇನ್ನೊಂದು ಡಬ್ಬಿಯ ಮುಚ್ಚಳ ಎತ್ತಿ ತೋರಿಸಿದ.

ಅಲ್ಪವಿರಾಮ ಎರಡು ಡಬ್ಬಿಗೂ ಮೂಗು ತಾಗುವಷ್ಟು ಬಗ್ಗಿ ನೋಡಿದ. ಕರಡು ತಿದ್ದುವಾಗಲೂ ಅಷ್ಟು ನಿಗಾ ಕೊಟ್ಟಿರಲಿಲ್ಲ. “ಇದೂ ಅದೇ ಅಲ್ವಾ? ಅದು ಅರ್ಧಕ್ಕೆ, ಇದು ಅರ್ಧಕ್ಕೆ. ಎರಡೂ ಕೊಡಿ.”

ಅಂಗಡಿಯವನು ಅವನ ಮುಖ ನೋಡಿದ, ಡಬ್ಬಿ ನೋಡಿದ, ಧೂಳು ನೋಡಿದ. “ಅದೇ ಸಾರ್,” ಎಂದು ಬೇಗ ಬೇಗ ಕಟ್ಟಿಕೊಟ್ಟ.

ಪೇಂಟರ್ ಮಾತು ಕಡಿಮೆಯ ಮನುಷ್ಯ. ಮೂವತ್ತು ವರ್ಷ ಬೇರೆಯವರ ಗೋಡೆ ಬಳಿದವನಿಗೆ ಅಭಿಪ್ರಾಯ ಎಂಬುದು ಬ್ರಷ್ಷಿಗೆ ಅಂಟಿದ ಕೂದಲಿನಂತೆ, ಕಿತ್ತು ಬಿಸಾಡಬೇಕಾದ್ದು. ಅವನು ಎರಡೂ ಡಬ್ಬಿ ತೆರೆದು ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ.

“ಸಾರ್, ಎರಡೂ ಇದೇ ಗೋಡೆಗಾ?”

“ಇದೇ ಗೋಡೆಗೆ.”

“ಬೆರೆಸ್ಬೇಕಾ?”

“ಬೆರೆಸೋದೇನು ಬಂತು? ಒಂದು ಮುಗಿದ ಮೇಲೆ ಇನ್ನೊಂದು.”

“ಎಲ್ಲಿ ಮುಗಿಯುತ್ತೋ ಅಲ್ಲಿಂದ?”

“ಮತ್ತೆಲ್ಲಿಂದ ಮಾರಾಯಾ?”

ಪೇಂಟರ್ ಏಣಿ ಹತ್ತಿದ. ಅವನ ಕೈ ಏಣಿ ವಾಲಿದ ಕಡೆಗೆ ವಾಲುತ್ತ ಹೋಯಿತು. ಹಾಗಾಗಿ ಮೊದಲ ಡಬ್ಬಿ ಮುಗಿದಾಗ ಗೋಡೆಯ ಮೇಲೊಂದು ಗುಡ್ಡದ ಇಳಿಜಾರಿನಂಥ ಗೆರೆ ನಿಂತಿತ್ತು. ಆ ಗೆರೆಯಿಂದಲೇ ಎರಡನೆಯದು ಶುರುವಾಯಿತು. ಅಲ್ಪವಿರಾಮ ಕುರ್ಚಿಯಲ್ಲಿ ಕೂತು ಸಂತೋಷದಿಂದ ನೋಡಿದ. ಒಂದು ಕಡೆ ಕೊಂಚ ಮಬ್ಬು ಅನ್ನಿಸಿತು. ಒಣಗಿದರೆ ಸರಿಹೋಗುತ್ತದೆ ಅಂದುಕೊಂಡ. ಇಷ್ಟು ಸುಲಭದ ಕೆಲಸಕ್ಕೆ ಹದಿನೆಂಟು ವರ್ಷ ಹೆದರಿದೆನಲ್ಲ ಎಂದು ನಗುವೂ ಬಂತು.

ನಾಲ್ಕೂವರೆಗೆ ಟೈಲರಮ್ಮ ತನ್ನ ಹಸಿರು ಹೇಗೆ ಬಂದಿದೆ ನೋಡಲು ಒಳಗೆ ಬಂದಳು. ಬಂದವಳು ಹೊಸ್ತಿಲಲ್ಲೇ ಕಲ್ಲಾದಳು.

“ಅಯ್ಯಯ್ಯೋ! ಏನಣ್ಣಾ ಇದು ಅವತಾರ!”

“ಯಾಕೆ? ಚೆನ್ನಾಗಿಲ್ವಾ?”

“ಅರ್ಧದವರೆಗೆ ಚೆನ್ನಾಗೇ ಇತ್ತಲ್ಲ! ಆಮೇಲೆ ಯಾಕೆ ಬುದ್ಧಿ ಕೆಡ್ತು?”

ಅರಚಾಟ ಕೇಳಿ ಹೆಡ್‌ಮಾಸ್ತರು ಇಳಿದು ಬಂದರು. ಅವರು ಗೋಡೆಯನ್ನು ಪರೀಕ್ಷೆಯ ಉತ್ತರಪತ್ರಿಕೆಯಂತೆ ನೋಡಿ, “ಕೆಂಪಿನ ಭಾಗಕ್ಕೆ ಪೂರ್ತಿ ಅಂಕ. ಹಸಿರಿನ ಭಾಗಕ್ಕೆ ಸೊನ್ನೆ,” ಅಂದರು.

“ಹಸಿರಿಗೇನಾಗಿದೆ ಮೇಷ್ಟ್ರೇ? ಆ ಕೆಂಪೇ ಕಣ್ಣಿಗೆ ಚುಚ್ಚೋದು!”

ಇಬ್ಬರ ಜಗಳದ ನಡುವೆ ನಿಂತಿದ್ದ ಅಲ್ಪವಿರಾಮನಿಗೆ ತನ್ನ ಗೋಡೆ ಅರ್ಧ ಹಸಿರು, ಅರ್ಧ ಕೆಂಪು ಎಂಬುದು ಹಾಗೆ ತಿಳಿಯಿತು. ಅವನು ಪೇಂಟರ್ ಕಡೆ ತಿರುಗಿದ. ಪೇಂಟರ್ ಬ್ರಷ್ಷು ತೊಳೆಯುತ್ತಿದ್ದ.

“ನೀನಾದ್ರೂ ಹೇಳ್ಬಾರದಿತ್ತೇನಪ್ಪಾ?”

“ಕೇಳಿದ್ದೆ ಸಾರ್. ಮೂರು ಸಲ ಕೇಳಿದ್ದೆ.” ಏಣಿ ಹೆಗಲಿಗಿಟ್ಟು ಅವನು ನಡೆದೇಬಿಟ್ಟ. ಇನ್ನೊಂದು ಡಬ್ಬಿ ತರೋಣವೆಂದರೆ ಅಂಗಡಿ ಮಧ್ಯಾಹ್ನ ಬಾಗಿಲು ಹಾಕಿದರೆ ತೆಗೆಯುವುದು ಐದಕ್ಕೆ. ಹೆಂಡತಿಯ ಅಕ್ಕ ಬರುವುದೂ ಐದಕ್ಕೆ.

ಇಷ್ಟು ಹೊತ್ತು ಹಾವು ಮುಂಗುಸಿಯಾಗಿದ್ದ ಇಬ್ಬರೂ ಪರೋಪಕಾರಕ್ಕೆ ಒಂದಾದರು. ಟೈಲರಮ್ಮ, “ಒಂದು ಬೆಡ್‌ಶೀಟು ಕೊಡಿ, ಮೇಲಿಂದ ಕೆಳಗೆ ಮುಚ್ಚಿಬಿಡೋಣ,” ಅಂದಳು. ಮೇಷ್ಟರು ಒಂದು ತುದಿ ಹಿಡಿದು ಸ್ಟೂಲು ಹತ್ತಿದರು. ಮೊಳೆ ಹುಡುಕುವಷ್ಟರಲ್ಲಿ ಸ್ಟೂಲು ಅಲ್ಲಾಡಿತು. ಮೇಷ್ಟರು ಬೆಡ್‌ಶೀಟನ್ನು ಮಧ್ಯೆ ಇಟ್ಟುಕೊಂಡು ಗೋಡೆಯನ್ನು ಬಾಚಿ ತಬ್ಬಿದರು. ಬಣ್ಣ ಇನ್ನೂ ಹಸಿಯಾಗಿತ್ತು. ಬೆಡ್‌ಶೀಟು ಬಾಳೆಲೆಗೆ ಅಂಟಿದ ಬೆಲ್ಲದ ಹಾಗೆ ಕೂತುಬಿಟ್ಟಿತು.

ಮೂವರೂ ಸೇರಿ ಎಳೆದರು. ಅದು ಚರ್‍ರೆಂದು ಕಿತ್ತುಬಂದಾಗ, ಎರಡು ಬಣ್ಣ ಕೂಡುವ ಕಡೆ ಬಟ್ಟೆಯ ನೇಯ್ಗೆಯೆಲ್ಲ ಅಚ್ಚಾಗಿ, ಕೆಂಪು ಹಸಿರಿನೊಳಗೆ, ಹಸಿರು ಕೆಂಪಿನೊಳಗೆ ಜಾರಿ, ನಡುವೆ ಮೇಷ್ಟರ ಎರಡು ಅಂಗೈ ಗುರುತು ಸ್ಪಷ್ಟವಾಗಿ ಮೂಡಿತ್ತು.

“ಈಗ ಹಳದಿ ಬೇಕು,” ಎಂದಳು ಟೈಲರಮ್ಮ, ಗಾಬರಿಯಲ್ಲಿ. ಓಡಿಹೋಗಿ, ಯಾರೋ ಗಿರಾಕಿಗೆ ಹೊಲಿದಿಟ್ಟಿದ್ದ ಎರಡು ಹಳದಿ ದಿಂಬು ತಂದು ಸೋಫಾದ ಮೇಲೆ ಎಸೆದಳು.

ಬಾಗಿಲ ಗಂಟೆ ಆಯಿತು.

ಅಲ್ಪವಿರಾಮ ಮನಸ್ಸು ಗಟ್ಟಿ ಮಾಡಿಕೊಂಡ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಎಲ್ಲ ಹೇಳಿಬಿಡುವುದೇ. ಹೆಂಡತಿ ಮೊದಲು ಒಳಗೆ ಬಂದಳು. ಗೋಡೆ ನೋಡಿ ಅವಳ ಮುಖದ ರಕ್ತ ಇಳಿದುಹೋಯಿತು. ಹಿಂದೆಯೇ ಅಕ್ಕ ಬಂದಳು. ಚೀಲ ಕೆಳಗಿಟ್ಟಳು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಗೋಡೆಯ ಹತ್ತಿರ ಹೋಗಿ ನೇಯ್ಗೆಯ ಅಚ್ಚನ್ನು ಬೆರಳಿನಿಂದ ಮುಟ್ಟಿದಳು.

“ಯಾರು ಮಾಡಿಕೊಟ್ಟಿದ್ದು ಇದನ್ನ?” ಅವಳ ದನಿ ಒಣಗಿತ್ತು.

“ಇವರೇ,” ಎಂದಳು ಹೆಂಡತಿ ನೆಲ ನೋಡುತ್ತ.

“ನಮ್ಮನೆಗೆ ಬಣ್ಣ ಆರಿಸೋಕೆ ಪಟ್ಟಣದಿಂದ ಒಬ್ಬನ್ನ ಕರೆಸಿದ್ದೆ. ಮೂರು ತಿಂಗಳು ತಿಂದ. ಕೊನೆಗೆ ನಾಲ್ಕು ಕೋಣೆಗೂ ಬೂದಿ ಬಣ್ಣ ಬಳಿದು, ‘ಇದೇ ಈಗ ನಡೆಯೋದು’ ಅಂತ ಹೇಳಿ ಹೋದ.” ಅಕ್ಕ ಒಂದೊಂದೇ ಪದವನ್ನು ಹಲ್ಲು ಕಿತ್ತಂತೆ ಹೊರಗೆ ತೆಗೆದಳು. “ಕೆಂಪು, ಹಸಿರು ಎರಡನ್ನೂ ಒಟ್ಟಿಗೆ ಇಡೋಕೆ ಎಂಟೆದೆ ಬೇಕು. ಅದೂ ಆ ಇಳಿಜಾರು, ಆ ಕೈ ಗುರುತು… ಹಳದಿ ದಿಂಬು ಬೇರೆ. ಚೆನ್ನಾಗಿದೆ ಕಣೇ. ಬಹಳ ಚೆನ್ನಾಗಿದೆ.”

ಹೆಂಡತಿ ತಲೆ ಎತ್ತಿದಳು. ಅಕ್ಕನ ಬಾಯಿಂದ ಆ ಮಾತು ಅವಳು ಹುಟ್ಟಿದ ಮೇಲೆ ಕೇಳಿರಲಿಲ್ಲ.

“ಅತ್ತಿಗೆ,” ಅಲ್ಪವಿರಾಮ ಮುಂದೆ ಬಂದ, “ಒಂದು ನಿಜ ಹೇಳ್ಬೇಕು. ನನಗೆ ಕೆಂಪಿಗೂ ಹಸಿರಿಗೂ, ವ್ಯತ್ಯಾಸವೇ ಗೊತ್ತಾಗಲ್ಲ.”

ಹೆಡ್‌ಮಾಸ್ತರು ಚಪ್ಪಾಳೆ ತಟ್ಟಿದರು. “ಆಹಾ! ಎಂಥ ಮಾತು! ವ್ಯತ್ಯಾಸ ಕಾಣದವನಿಗೇ ಸಾಮರಸ್ಯ ಕಾಣೋದು!”

“ಅಯ್ಯೋ, ನಿಜವಾಗ್ಲೂ ಮೇಷ್ಟ್ರೇ, ನನ್ನ ಕಣ್ಣಿಗೆ…”

“ವಿನಯ ನೋಡಿ ವಿನಯ!” ಎಂದಳು ಟೈಲರಮ್ಮ. ನಾಲ್ಕೂವರೆಗೆ ಅವತಾರ ಅಂದವಳು ಐದು ಗಂಟೆಗೆ, “ನಾನು ಬೆಳಗ್ಗೆನೇ ಅಂದ್ಕೊಂಡೆ, ಅಣ್ಣನ ತಲೇಲಿ ಏನೋ ಇದೆ ಅಂತ,” ಎಂದು ಅಕ್ಕನಿಗೆ ವರದಿ ಒಪ್ಪಿಸಿದಳು.

ಮೇಷ್ಟರು ಅಲ್ಲಿಗೇ ಬಿಡಲಿಲ್ಲ. ಕಟ್ಟಡದ ಹೊರಗೋಡೆಗೆ ಬಣ್ಣ ಬಳಿಸುವ ವಿಷಯ ನಾಲ್ಕು ವರ್ಷದಿಂದ ಬಿದ್ದಿತ್ತು; ಇಪ್ಪತ್ತು ಮನೆಯವರು ಇಪ್ಪತ್ತು ಬಣ್ಣ ಹೇಳುತ್ತಿದ್ದರು. “ಇನ್ನು ಯಾರನ್ನೂ ಕೇಳೋದಿಲ್ಲ. ಸಂಘದ ಪರವಾಗಿ ಹೇಳ್ತಿದ್ದೀನಿ, ಬಣ್ಣ ನೀನೇ ಆರಿಸ್ತೀಯ. ಭಾನುವಾರ ಸಭೆ,” ಎಂದು ಘೋಷಿಸಿ, ಅಂಗಿಯ ಮುಂಭಾಗ ತುಂಬ ಎರಡೂ ಬಣ್ಣ ಹೊತ್ತುಕೊಂಡು ಮೆಟ್ಟಿಲು ಹತ್ತಿದರು.

ಅಕ್ಕ ಮುಖ ತೊಳೆಯಲು ಹೋದಾಗ ಅಲ್ಪವಿರಾಮ ಹೆಂಡತಿಯನ್ನು ಅಡಿಗೆಮನೆಯಲ್ಲಿ ಹಿಡಿದ. ಅವಳು ಹಾಲು ಒಲೆಯ ಮೇಲಿಡುತ್ತಿದ್ದಳು.

“ನೀನಾದ್ರೂ ನಂಬು. ನಿನ್ನಾಣೆ, ನನಗೆ ಬಣ್ಣ ಗೊತ್ತಾಗಲ್ಲ. ಹದಿನೆಂಟು ವರ್ಷದಿಂದ ಹೇಳಿಲ್ಲ.”

“ಗೊತ್ತು,” ಎಂದಳು ಹೆಂಡತಿ.

“ಏನು ಗೊತ್ತು?”

“ಮದುವೆಯಾದ ವಾರಕ್ಕೇ ಗೊತ್ತಾಯ್ತು. ಒಂದು ಕಾಲಿಗೆ ಕೆಂಪು, ಒಂದು ಕಾಲಿಗೆ ಹಸಿರು ಕಾಲುಚೀಲ ಹಾಕ್ಕೊಂಡು ಕೆಲಸಕ್ಕೆ ಹೋದ್ರಿ. ಮತ್ತೆ ನಿಮಗೆ ಬರೀ ಕಪ್ಪು ಕಾಲುಚೀಲ ಯಾಕೆ ತರ್ತಿದ್ದೀನಿ ಅಂದ್ಕೊಂಡ್ರಿ? ಯಾವತ್ತಾದ್ರೂ ನೀವಾಗೇ ಬಾಯಿ ಬಿಡ್ತೀರಿ ಅಂತ ಕಾದೆ. ಇವತ್ತು ಬೆಳಗ್ಗೆ ಗೋಡೆ ಎದುರು ನಿಲ್ಲಿಸಿದ್ರೂ ಹೇಳಲಿಲ್ಲ ಪುಣ್ಯಾತ್ಮರು!”

ಅವನ ಎದೆಯ ಮೇಲಿಂದ ಹದಿನೆಂಟು ವರ್ಷದ ಬಂಡೆ ಉರುಳಿದಂತಾಯಿತು. “ಹಾಗಾದ್ರೆ ಮುಗೀತು! ಈಗಲೇ ನಿಮ್ಮಕ್ಕನಿಗೂ ಮೇಷ್ಟ್ರಿಗೂ ನೀನೇ ಹೇಳಿಬಿಡು. ನೀನು ಹೇಳಿದ್ರೆ ನಂಬ್ತಾರೆ.”

ಹೆಂಡತಿ ಅವನ ಬಾಯಿಗೆ ಕೈ ಅಡ್ಡ ಇಟ್ಟಳು. “ಸದ್ಯ, ಉಸಿರೆತ್ತಬೇಡಿ! ಜನ್ಮದಲ್ಲಿ ಮೊದಲ ಸಲ ಅಕ್ಕ ನಮ್ಮನೆ ನೋಡಿ ಹೊಟ್ಟೆ ಉರ್ಕೊಂಡಿದ್ದಾಳೆ. ಅವಳ ಮನೆ ನಾಲ್ಕು ಕೋಣೆಗೂ ನೀವೇ ಬಂದು ಬಣ್ಣ ಹೇಳ್ತೀರಿ ಅಂತ ಆಗಲೇ ಒಪ್ಪಿಕೊಂಡಿದ್ದೀನಿ. ನಾನು ಜೊತೆಗಿರ್ತೀನಿ. ಎಡಗಿವಿ ಮುಟ್ಟಿದ್ರೆ ಎಡಗಡೆಯದು, ಬಲಗಿವಿ ಮುಟ್ಟಿದ್ರೆ ಬಲಗಡೆಯದು. ಅಷ್ಟೇ.”

ಅಷ್ಟರಲ್ಲಿ ಹೊರಗಿನಿಂದ, “ಅಣ್ಣಾ, ಇದ್ದೀರಾ?” ಎಂದು ಟೈಲರಮ್ಮನ ದನಿ. ಕೈಯಲ್ಲಿ ಒಂದು ಬಟ್ಟೆ, ಎರಡು ದಾರದ ಉಂಡೆ. “ಇದಕ್ಕೆ ಯಾವ ದಾರ ಹೊಂದುತ್ತೆ, ನಿಮ್ಮ ಕಣ್ಣಲ್ಲಿ ಸ್ವಲ್ಪ ನೋಡಿ ಹೇಳಿ. ಇನ್ಮೇಲೆ ನಿಮ್ಮನ್ನ ಕೇಳದೆ ಒಂದು ಹೊಲಿಗೆಯೂ ಹಾಕಲ್ಲ.”

ಹೆಂಡತಿ ಬಂದು ಟೈಲರಮ್ಮನ ಬೆನ್ನ ಹಿಂದೆ ನಿಂತಳು. ಅಲ್ಪವಿರಾಮ ಟೈಲರಮ್ಮನ ತಲೆಯ ಮೇಲಿಂದ ಅವಳನ್ನು ನೋಡಿದ. ಹೆಂಡತಿ ಮೆಲ್ಲಗೆ ಎಡಗಿವಿ ಮುಟ್ಟಿಕೊಂಡಳು.

“ಎಡಗಡೆಯದು,” ಎಂದ ಅವನು, ಗಂಭೀರವಾಗಿ.

“ನೋಡಿದ್ರಾ! ನನಗೂ ಅದೇ ಅನ್ನಿಸಿತ್ತು!” ಟೈಲರಮ್ಮನ ಮುಖ ಅರಳಿತು. ಅವಳು ಬಾಗಿಲ ಹೊರಗೆ ಬಗ್ಗಿ ಒಂದು ದೊಡ್ಡ ಬುಟ್ಟಿಯನ್ನು ಒಳಗೆಳೆದಳು. ಅದರ ತುಂಬ ದಾರದ ಉಂಡೆಗಳು. “ಹಾಗಾದ್ರೆ ಇವನ್ನೂ ಒಂದೊಂದಾಗಿ ಬೇರೆ ಮಾಡಿಕೊಟ್ಟುಬಿಡಿ. ಕೆಂಪಿನ ಜೊತೆ ಕೆಂಪು, ಹಸಿರಿನ ಜೊತೆ ಹಸಿರು.”

ಒಳಗೆ ಹಾಲು ಉಕ್ಕಿತು. ಹೆಂಡತಿ ಓಡಿದಳು.