ಧರ್ಮೇಶನ ಹೋಮ್‌ಸ್ಟೇ

ಗಾಳಿಬೀಡಿನ ಕಾಫಿ ತೋಟವೊಂದರಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಧರ್ಮೇಶನಿಗೆ ಮಗಳ ಫೀಸು ಗಂಟಲಿಗೆ ಸಿಕ್ಕ ಮೀನಿನ ಮುಳ್ಳಾಗಿತ್ತು. ಸೋಮವಾರ ಮೊದಲ ಕಂತು ಕಟ್ಟದಿದ್ದರೆ ಶೋಭಿತಾ ಪರೀಕ್ಷೆಗೆ ಕೂರುವಂತಿಲ್ಲ. ವರ್ಷದ ಫೀಸು ಮನ್ನಾ ಮಾಡಿ ಎಂದು ಕೊಟ್ಟ ಅರ್ಜಿಗೆ ಶಾಲೆಯವರು ಉತ್ತರವನ್ನೇ ಕೊಟ್ಟಿರಲಿಲ್ಲ.

ಶನಿವಾರ ಪಕ್ಕದ ಮನೆಯ ಬೋಜಮ್ಮ ಬಂದರು. "ಮಡಿಕೇರೀಲಿ ಒಂದು ರೂಮೂ ಖಾಲಿ ಇಲ್ಲಂತೆ. ನೀನೂ ಹೋಮ್‌ಸ್ಟೇ ಮಾಡು ಮಾರಾಯ."

"ನಂಗಿರೋದೇ ಒಂದು ರೂಮು ಬೋಜಮ್ಮಕ್ಕ!"

"ಅದನ್ನೇ ಕೊಡು. ನೀವು ಮೂರು ಜನ ನಮ್ಮಲ್ಲಿ ಮಲಗಿ."

ಹೇಳಿದವರೇ ರಸ್ತೆಗೆ ಹೋಗಿ ಒಂದು ಕಾರನ್ನೂ ನಿಲ್ಲಿಸಿಕೊಂಡು ಬಂದರು. ಇಳಿದದ್ದು ಮೈಸೂರಿನ ಗಂಡ ಹೆಂಡತಿ.

ಅಲ್ಲಿಂದ ಶುರುವಾಯಿತು ಫಜೀತಿ. ಬೋಜಮ್ಮ ಪ್ರೀತಿಯಿಂದ ಹಂದಿ ಕರಿ ತಂದರೆ, ಅತಿಥಿಗಳು ಮೊಟ್ಟೆಯನ್ನೂ ಮುಟ್ಟದವರು! ಧರ್ಮೇಶ ಕುಂಬಳಕಾಯಿ ಹುಡುಕಿಕೊಂಡು ಓಡಿದ. ಗೀಸರ್ ಎಲ್ಲಿ ಎಂದು ಕೇಳಿದ್ದಕ್ಕೆ ಹೆಂಡತಿ ಪವಿತ್ರಾ ಹಂಡೆಯಿಂದ ಬಿಸಿನೀರು ಹೊತ್ತು ಹೊತ್ತು ಸುಸ್ತಾದಳು. ತೋಟ ಸುತ್ತಲು ಹೋದಾಗ ಮೈಸೂರಿನ ಯಜಮಾನರ ಕಾಲಿಗೆ ಜಿಗಣೆ ಹತ್ತಿ, ಅವರು ಕುಣಿದ ಕುಣಿತಕ್ಕೆ ಆಳುಗಳೆಲ್ಲ ಕೆಲಸ ಬಿಟ್ಟು ನಿಂತರು.

"ಈ ತೋಟ ಯಾರದು?" ಎಂದರು ಮೇಡಂ.

"ಇವರದ್ದೇ ಅಲ್ವ! ದೊಡ್ಡ ಬಂಗ್ಲೆ ಆ ಕಡೆ ಇದೆ," ಎಂದರು ಬೋಜಮ್ಮ. ಬಾಯಿ ತೆರೆದ ಧರ್ಮೇಶನನ್ನು ಚಿವುಟಿ, "ಸುಮ್ನಿರು. ಬಡವ ಅಂದ್ರೆ ಅರ್ಧ ದುಡ್ಡು ಕೊಡ್ತಾರೆ," ಎಂದು ಪಿಸುಗುಟ್ಟಿದರು.

ಅವನು ಸುಮ್ಮನಾದ. ಸುಮ್ಮನಾಗಿದ್ದರೂ ಸಾಕಿತ್ತು, ಯಜಮಾನಿಕೆ ಹಿತವೆನಿಸಿತು ನೋಡಿ, "ಈ ವರ್ಷ ಮೆಣಸೂ ಚೆನ್ನಾಗಿ ಬಂದಿದೆ ಮೇಡಂ," ಎಂದು ತಾನೇ ಸೇರಿಸಿದ.

ಭಾನುವಾರ ಬೆಳಿಗ್ಗೆ ಮೇಡಂ ಕೇಳಿದಷ್ಟೂ ಕೊಟ್ಟರು. ಮೊದಲ ಕಂತಿಗೆ ಸರಿಹೋಯಿತು! ಧರ್ಮೇಶನಿಗೆ ಅಳುವಷ್ಟು ಸಂತೋಷ. ಅಷ್ಟರಲ್ಲಿ ಶಾಲೆಯ ಸ್ವೆಟರ್ ಹಾಕಿಕೊಂಡ ಶೋಭಿತಾ ಬಂದಳು.

"ಅರೆ, ಇದು ನಮ್ಮ ಸ್ಕೂಲಿನ ಸ್ವೆಟರ್! ನಾನು ಮೊನ್ನೆ ತಾನೇ ಅಲ್ಲಿಗೆ ಪ್ರಿನ್ಸಿಪಾಲಾಗಿ ಬಂದೆ, ಮನೆ ಇನ್ನೂ ಸಿಕ್ಕಿಲ್ಲ," ಎಂದರು ಮೇಡಂ. "ಹಾಗಾದ್ರೆ ಫೀಸ್ ಮನ್ನಾ ಅರ್ಜಿ ಹಾಕಿದ ಧರ್ಮೇಶ್ ನೀವೇನಾ? ನಾಳೆ ಸೈನ್ ಮಾಡೋಳಿದ್ದೆ. ಇಷ್ಟೆಲ್ಲ ಇಟ್ಕೊಂಡು ನಿಮಗ್ಯಾಕೆ ಮನ್ನಾ ಸರ್? ಬಡವರ ಮಗು ಯಾವುದಕ್ಕಾದ್ರೂ ಕೊಡ್ತೀನಿ."

"ಅಯ್ಯೋ ಮೇಡಂ, ತೋಟ ನಂದಲ್ಲ! ನಾನು ಬರೀ ರೈಟರು!"

ಮೇಡಂ ನಗುತ್ತಾ ಗಂಡನ ಕಡೆ ತಿರುಗಿದರು. "ನೋಡಿದ್ರಾ, ನಿಜವಾದ ಶ್ರೀಮಂತರು ಯಾವತ್ತೂ ಹೇಳ್ಕೊಳ್ಳಲ್ಲ."