ಮರಿಯ ಎದೆಬಡಿತ

ಹೊಲಿಗೆಯಕ್ಕನ ಫಜೀತಿಗೆಲ್ಲ ಕಾರಣ ಬೆಂಕಿಪೊಟ್ಟಣದಷ್ಟಿದ್ದ ಒಂದು ಯಂತ್ರ. ಪಶುವೈದ್ಯರು ಅದನ್ನು ಮರಿಯ ಎದೆಗೆ ಕಟ್ಟಿ ಕಳಿಸಿದ್ದರು. ಮರಿ ಎಂದರೆ ಅರವತ್ತು ಕಿಲೋದ ಗ್ರೇಟ್ ಡೇನ್ ನಾಯಿ. ಎದ್ದು ನಿಂತರೆ ಬೀರುವಿಗೆ ಕಾಲು ಬಂದಂತೆ.

"ಇದರ ತಾಯಿ ಐದನೇ ವರ್ಷಕ್ಕೇ ಹೃದಯ ಹಿಗ್ಗೋ ಕಾಯಿಲೇಲಿ ಸತ್ತೋಯ್ತು. ದೊಡ್ಡ ಜಾತಿ ನಾಯಿಗಳಲ್ಲಿ ಅದು ಮರಿಗಳಿಗೂ ಇಳಿದು ಬರುತ್ತೆ. ಒಂದು ದಿನದ ಬಡಿತ ದಾಖಲಾಗ್ಲಿ. ಏನೇನಾಯ್ತು ಅಂತ ಟೈಮ್ ಹಾಕಿ ಬರೀರಿ. ಕಳಚಿ ಬಿದ್ರೆ ಎಲ್ಲಾ ಹಾಳು, ಮುಂದಿನ ಸರದಿ ಮೂರು ತಿಂಗಳಿಗೆ!" ಎಂದಿದ್ದರು ವೈದ್ಯರು.

ಮರಿಗೂ ಈಗ ಐದು. ಆ ಮನೆಯಲ್ಲಿ ಅಕ್ಕನನ್ನು ಬಿಟ್ಟರೆ ಉಸಿರಾಡುವ ಜೀವ ಅದೊಂದೇ.

ಮನೆ ಸೇರಿದ್ದೇ ಮರಿ ಮೈ ಕೊಡವಿತು. ಯಂತ್ರ ನೆಲಕ್ಕೆ ಬಿದ್ದು, ಬಡಿತ ಸಿಗದೆ ಕೀ ಕೀ ಎಂದು ಕಿರುಚಿತು. ಬೆದರಿದ ಮರಿ ಮಂಚದಡಿ ತೂರಿ, ಮಂಚವನ್ನೇ ಹೊತ್ತು ನಿಂತಿತು. ದಾಖಲೆ ಹಾಳಾದೀತೆಂದು ಅಕ್ಕ ಅದರ ತಂತಿಗಳನ್ನು ತನ್ನ ಎದೆಗೇ ಅಂಟಿಸಿಕೊಂಡಳು. ಯಂತ್ರ ತೆಪ್ಪಗಾಯಿತು.

'ಇವನು ಸಮಾಧಾನ ಆಗೋವರೆಗೆ ಅಷ್ಟೇ.'

ಬೆಲ್ ಆಯಿತು. ಶಾಲು ಹೊದ್ದು ಓಡಿದಳು. ಮೇಲ್ಮನೆಯಾಕೆ.

"ಈ ಸೆಕೇಲಿ ಶಾಲಾ? ಇರ್ಲಿ, ಒಂದು ಸೂಜಿ ಕೊಡ್ರೀ."

ಸೂಜಿ ಸಿಕ್ಕಿದ್ದೇ ಮೆಟ್ಟಿಲು ಹತ್ತಿ ಹೋದಳು.

ಮತ್ತೆ ಬೆಲ್. ಎದುರುಮನೆಯ ಮೇಷ್ಟ್ರು.

"ನಾಯಿಗೆ ಏನೋ ಯಂತ್ರ ಕಟ್ಟಿದ್ದಾರಂತೆ? ಎಲ್ಲಿ, ತೋರ್ಸಮ್ಮ!"

"ಮಲಗಿದೆ ಮೇಷ್ಟ್ರೇ."

"ಯಂತ್ರಾನಾ?"

"ನಾಯಿ! ಕೂತ್ಕೊಳ್ಳಿ, ಟೀ ಮಾಡ್ತೀನಿ."

"ಅಯ್ಯೋ, ವಾರ್ತೆ ಟೈಮು." ಹೊರಟೇಬಿಟ್ಟರು.

ಅಕ್ಕ ನಿಯತ್ತಾಗಿ ಬರೆದಳು: 'ಹನ್ನೊಂದು: ಬೆಲ್ ಆಯಿತು. ಹನ್ನೊಂದು ಎರಡು: ಹೊರಟುಹೋದರು.' ಯಂತ್ರ ಹಿಡಿದು ಹತ್ತಿರ ಹೋದಾಗಲೆಲ್ಲ ಮರಿ ಮಂಚ ಎತ್ತಿತು. ದಿನ ಹಾಗೇ ಕಳೆಯಿತು.

ಮರುದಿನ ಮೇಷ್ಟ್ರೂ ಧೈರ್ಯ ಹೇಳಲೆಂದು ಆಸ್ಪತ್ರೆಗೆ ಬಂದರು. ಅಕ್ಕ ಬಾಯಿ ತೆರೆಯುವ ಮುಂಚೆಯೇ ವೈದ್ಯರು ದಾಖಲೆ ತೆರೆದರು.

"ಕಾಯಿಲೆ ಇಲ್ಲ, ಬಿಡಿ. ಆದ್ರೆ ನೋಡಿ, ಬೆಲ್ ಆದಾಗೆಲ್ಲ ಎದೆ ಹಾರಿದೆ. ಬಂದೋರು ಹೋದ ಕೂಡ್ಲೇ ಕುಗ್ಗಿದೆ. ಪಾಪ, ಯಾರನ್ನೋ ಕಾಯುತ್ತೆ. ಇದಕ್ಕೆ ಜೊತೆ ಬೇಕು."

"ಅಯ್ಯೋ ಕಂದಾ!" ಮೇಷ್ಟ್ರು ಮರಿಯ ಕೊರಳು ತಬ್ಬಿಕೊಂಡರು. "ದಿನಾ ಸಂಜೆ ನಾನೇ ಸುತ್ತಾಡಿಸ್ತೀನಿ!"

ಸುಮ್ಮನಿದ್ದುಬಿಡಬಹುದಿತ್ತು. ಆದರೆ ಮರಿಯ ಎದೆಯೊಳಗೇನಿದೆಯೋ ಯಾರಿಗೂ ಗೊತ್ತಿಲ್ಲವಲ್ಲ.

"ಡಾಕ್ಟ್ರೇ," ಎಂದಳು ಅಕ್ಕ, ನೆಲ ನೋಡುತ್ತ, "ಆ ಎದೆ ಮರೀದಲ್ಲ. ನಂದು."

ವೈದ್ಯರು ಕೆಮ್ಮಿದರು, ಮೂರು ತಿಂಗಳ ಮುಂದಿನ ದಿನ ಬರೆದುಕೊಟ್ಟರು.

ಸಂಜೆ ಬೆಲ್ ಆಯಿತು. ಅಕ್ಕ ತಲೆಗೂದಲು ಸರಿಮಾಡಿಕೊಂಡು ಬಾಗಿಲು ತೆರೆದಳು. ಮೇಷ್ಟ್ರು! ಕೈಯಲ್ಲಿ ಹೊಸ ಬೆಲ್ಟು.

"ಕೊಟ್ಟ ಮಾತು ಮಾತೇ ಅಲ್ವೇನಮ್ಮ? ಎಲ್ಲಿ ಮರಿ?"

ಮರಿ ಬಾಲ ಆಡಿಸುತ್ತ ಅವರಿಗಿಂತ ಮುಂದೆ ಓಡಿತು. ಅಕ್ಕ ಬಾಗಿಲು ಹಾಕಿ, ನಿನ್ನೆಯ ಹಾಳೆ ತೆಗೆದು, ಕೊನೆಗೆ ಸೇರಿಸಿದಳು: 'ಐದು: ಬೆಲ್ ಆಯಿತು. ಐದು ಒಂದು: ಮರಿಯೂ ಹೊರಟುಹೋಯಿತು.'